ಪಂಗಾನಿಯಲ್ಲಿ ಪಿಸ್ತೂಲು ಎಳೆದ ಭಾನುವಾರಗಳು

ನಮ್ಮಂಥವರ ಕೈಗೆ ಪಿಸ್ತೂಲು ಕೊಟ್ಟರೂ ಕಥೆ ಕೊನೆಗೆ ಊಟ, ಪೂಜೆ, ಫೋನು ಇವುಗಳಲ್ಲೇ ಮುಗಿಯುತ್ತದೆ. ಒಂದು ಸಲ ಆಗಿದ್ದರೆ ಹೋಗಲಿ ಬಿಡಿ ಅನ್ನಬಹುದಿತ್ತು. ನೈರೋಬಿಯಲ್ಲಿ ನನಗೆ ಭಾನುವಾರ ಬಂತೆಂದರೆ ಇದೇ ಗೋಳು.

ನಾನು ಅಲ್ಲಿಗೆ ಹೋದದ್ದು ಔಷಧಿ ಫ್ಯಾಕ್ಟರಿಯ ಮ್ಯಾನೇಜರಾಗಿ. ಹೆಂಡತಿಗೆ ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಸಂಬಳವಿಲ್ಲದ ಉದ್ದ ರಜೆ ಕೇಳಿದ್ದಳು, ಸಿಕ್ಕರೆ ನನ್ನ ಜೊತೆ ಬಂದು ಇರುವುದು ಅಂತ. ಅರ್ಜಿ ಹೆಡ್ಡಾಫೀಸಿನಲ್ಲಿ ಗೊರಕೆ ಹೊಡೆಯುತ್ತಿತ್ತು. ವಾರವೆಲ್ಲ ಹೇಗೋ ಕಳೆಯುತ್ತಿತ್ತು. ಭಾನುವಾರ ಬೆಳಿಗ್ಗೆ ಕಿಲೆಲೆಶ್ವಾ ಬಡಾವಣೆಯ ಫ್ಲ್ಯಾಟಿನಲ್ಲಿ ಅಭ್ಯಾಸಬಲದಿಂದ ಎರಡು ಲೋಟಕ್ಕೆ ಡಿಕಾಕ್ಷನ್ ಹಾಕಿಬಿಡುತ್ತಿದ್ದೆ. ಆ ಎರಡನೇ ಲೋಟವನ್ನೂ ನಾನೇ ಕುಡಿಯುತ್ತಿದ್ದೆ. ಅವಳು ಬೇಕಿತ್ತು, ಅಷ್ಟೇ.

ನನ್ನ ಮುಖ ನೋಡಲಾರದೆ ಪಕ್ಕದ ಫ್ಲ್ಯಾಟಿನ ಟೆಲಿಕಾಂ ಎಂಜಿನಿಯರ್, ಬೆಂಗಳೂರಿನವನು, ನನ್ನನ್ನು ಊರಿನ ಇನ್ನೊಂದು ಬಡಾವಣೆ ಪಂಗಾನಿಯ ಹಳೇ ಗೋಡೌನೊಂದಕ್ಕೆ ಎಳೆದುಕೊಂಡು ಹೋದ. ಅಲ್ಲಿ ಫಾಸ್ಟ್ ಡ್ರಾ ಕ್ಲಬ್ಬು. ಎದುರಿನ ದೀಪ ಹತ್ತಿದ ತಕ್ಷಣ ಸೊಂಟದಿಂದ ಪಿಸ್ತೂಲು ಎಳೆದು ಕಬ್ಬಿಣದ ತಟ್ಟೆಗೆ ಮೇಣದ ಗುಂಡು ಹೊಡೆಯಬೇಕು. ಇಬ್ಬರಲ್ಲಿ ಮೊದಲು ಹೊಡೆದವನು ಗೆದ್ದ. ಲೈಸೆನ್ಸು, ಪಿಸ್ತೂಲು ಎಲ್ಲ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿಯದು. ಅಲ್ಲಿಯವರೇ, ವಯಸ್ಸಾದವರು; ಎಲ್ಲರೂ ಅವರನ್ನು ಮ್ಜೀ ಅನ್ನುತ್ತಿದ್ದರು, ಸ್ವಾಹಿಲಿಯಲ್ಲಿ ಹಿರಿಯರು ಅಂತ. ನಾನು ಫ್ಯಾಕ್ಟರಿಯವನು, ಯಾವಾಗ ಏನು ಅಂತ ಗೊತ್ತುಮಾಡುವುದರಲ್ಲಿ ಪಳಗಿದವನು ಅಂತ ಪ್ರ್ಯಾಕ್ಟೀಸ್ ಮ್ಯಾಚುಗಳ ಉಸ್ತುವಾರಿಯನ್ನು ನನ್ನ ತಲೆಗೇ ಕಟ್ಟಿದರು.

ನೀವು ಮೊದಲು

ನಾನು ಗೊತ್ತುಮಾಡಿದ ಮೊದಲ ಮ್ಯಾಚಿನಲ್ಲೇ ಎಡವಟ್ಟಾಯಿತು. ಎಂಜಿನಿಯರಿಗೆ ಎದುರಾಳಿಯಾಗಿ ಅವನ ಬಾಸನ್ನೇ ನಿಲ್ಲಿಸಿದ್ದೆ. ಬಾಸ್ ಧಾರವಾಡದವರು, ಹೊಸದಾಗಿ ಬಂದಿದ್ದರು. ಇವನ ಪ್ರಮೋಷನ್ ಅವರ ಕೈಲಿತ್ತು.

ದೀಪ ಹತ್ತಿತು. ಇಬ್ಬರೂ ಗರುಡಗಂಬದ ಹಾಗೆ ನಿಂತರು.

"ಹೊಡೀರಿ ಸಾರ್, ನೀವು ಮೊದಲು," ಅಂದ ಇವನು.

"ಛೆ ಛೆ, ನೀವ ಹೊಡೀರಿ. ಸಣ್ಣಾವರು, ಮುಂದ ಬರಬೇಕಾದವರು."

"ಅಯ್ಯೋ, ನಿಮ್ಮ ಮುಂದೆ ನಾನಾ ಸಾರ್?"

ದೀಪ ತಾನಾಗೇ ಆರಿತು. ಮತ್ತೆ ಹಾಕಿಸಿದೆ, ಮತ್ತೆ ಅದೇ ಉಪಚಾರ. ಇಷ್ಟೂ ಹೊತ್ತು ಇವರಿಬ್ಬರೂ ಏನು ಮಾತಾಡಿಕೊಂಡರು ಅಂತ ಮ್ಜೀ ನನ್ನನ್ನು ಕೇಳಿದರು. ಹೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, "ಜಗತ್ತಿನಲ್ಲಿ ಎಲ್ಲರೂ ನಿಮ್ಮ ಥರ ಪಿಸ್ತೂಲು ಹಿಡಿದಿದ್ದರೆ ನನಗೆ ಪೊಲೀಸ್ ಕೆಲಸವೇ ಸಿಗುತ್ತಿರಲಿಲ್ಲ," ಅಂದರು.

ಬಿಸಿಬೇಳೆಬಾತ್

ಮ್ಯಾಚಿಗೆ ಜನ ಬರಲಿ ಅಂತ ಊಟದ ವ್ಯವಸ್ಥೆ ಮಾಡೋಣ ಅಂದುಕೊಂಡೆ. ಹೆಂಡತಿ ಫೋನಿನಲ್ಲಿ ಹೇಳುತ್ತಾ ಹೋದಳು, ನಾನು ಬಿಸಿಬೇಳೆಬಾತ್ ಮಾಡುತ್ತಾ ಹೋದೆ.

"ಹುಣಸೆಹುಳಿ ಎಷ್ಟೇ?"

"ಕೈಗೆ ಬಂದಷ್ಟು ರೀ."

"ನನ್ನ ಕೈಗೋ, ನಿನ್ನ ಕೈಗೋ?"

"ನನ್ನ ಕೈ ಅಲ್ಲಿದ್ದಿದ್ರೆ ನಿಮಗ್ಯಾಕೆ ಈ ಪಾಡು," ಅಂದಳು. ನಾನು ಸೌಟು ಆಡಿಸುವುದನ್ನೇ ಮರೆತೆ. ಅಷ್ಟರಲ್ಲಿ ತಳ ಹಿಡಿಯಿತು.

ತಳ ಹಿಡಿದರೇನು, ರುಚಿ ಅವಳದ್ದೇ ಬಂದಿತ್ತು. ಮ್ಯಾಚ್ ಮುಗಿದ ಮೇಲೆ ಬಡಿಸೋಣ ಅಂತಿದ್ದೆ. ತುಪ್ಪದ ವಾಸನೆಗೆ ಯಾರೂ ಕಾಯಲಿಲ್ಲ. ಉಂಡೆದ್ದ ಮೇಲೆ ನೋಡಿದರೆ ಒಬ್ಬರ ಸೊಂಟಕ್ಕೂ ಪಿಸ್ತೂಲಿನ ಬೆಲ್ಟು ಹತ್ತುತ್ತಿಲ್ಲ. ಮ್ಜೀ ಅಂತೂ ಚಾಪೆ ಹುಡುಕಿ ಮಲಗಿಬಿಟ್ಟಿದ್ದರು. ಎಬ್ಬಿಸಿದರೆ, "ಪೋಲೆ ಪೋಲೆ, ನಿಧಾನ. ಇವತ್ತು ಯಾರು ಬೇಗ ಎದ್ದು ಕೂರುತ್ತಾರೋ ಅವರೇ ಗೆದ್ದ ಹಾಗೆ," ಅಂದು ಮಗ್ಗುಲು ಬದಲಿಸಿದರು.

ಆಯುಧ ಪೂಜೆ

ಒಂದು ವರ್ಷ ಆಯುಧ ಪೂಜೆ ಭಾನುವಾರವೇ ಬಂತು. ಕಾರು, ಕಂಪ್ಯೂಟರಿಗೆಲ್ಲ ಕುಂಕುಮ ಇಟ್ಟು ಬಂದವರು ನಾವು. ಈಗ ನಿಜವಾದ ಆಯುಧವೇ ಕೈಲಿದೆ, ಬಿಡುವುದುಂಟೆ? ಗುಂಡು ತೆಗೆದ ಪಿಸ್ತೂಲುಗಳನ್ನು ಬಾಳೆಲೆ ಮೇಲೆ ಸಾಲಾಗಿ ಇಟ್ಟು, ಚೆಂಡುಹೂ ಏರಿಸಿ, ಬೂದುಗುಂಬಳಕಾಯಿ ಸಿಗದ್ದಕ್ಕೆ ಕಲ್ಲಂಗಡಿ ಒಡೆದೆವು. ಹೆಮ್ಮೆಯಿಂದ ಹೆಂಡತಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಮೈಸೂರಿನಲ್ಲಿ ದಸರಾ ದೀಪ ಹಾಕಿದ್ದಾರೆ, ಒಬ್ಬಳೇ ಏನು ನೋಡೋದು ಅಂತ ಹೋಗಲಿಲ್ಲ ಅಂದಳು. ಆಮೇಲೆ ಕೇಳಿದಳು, "ಸರಿ, ಮ್ಯಾಚ್ ಯಾವತ್ತು?"

"ಇನ್ನೇನು, ಈಗಲೇ."

"ಪೂಜೆಗಿಟ್ಟ ಆಯುಧ ಇವತ್ತು ಮುಟ್ತೀರಾ? ನಾಳೆ ವಿಜಯದಶಮಿಗೆ ಅಲ್ವೇನ್ರೀ ತೆಗೆಯೋದು?"

ಎಲ್ಲರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮ್ಯಾಚಿಗೆ ಅಂತ ಅಷ್ಟು ದೂರದಿಂದ ಬಂದವರನ್ನು ಬರಿಗೈಲಿ ಕಳಿಸೋದು ಹೇಗೆ? ಕೊನೆಗೆ ತೋರುಬೆರಳನ್ನೇ ಪಿಸ್ತೂಲು ಮಾಡಿಕೊಂಡು, ಬಾಯಲ್ಲಿ "ಢಂ" ಅನ್ನುತ್ತಾ ಮ್ಯಾಚ್ ಆಡಿದೆವು. ನನ್ನದು ಒಂದೂ ಗುರಿ ತಪ್ಪಲಿಲ್ಲ. ಆದರೂ ಮ್ಜೀ ನನ್ನನ್ನು ಆಟದಿಂದ ಹೊರಗೆ ಹಾಕಿದರು. ದೀಪ ಹತ್ತುವ ಮೊದಲೇ ಢಂ ಅಂದೆನಂತೆ.

ರೆಗ್ಯುಲೇಟರ್

ಹೀಗೇ ಇನ್ನೊಂದು ಮಳೆಗಾಲ ಬಂತು, ರಜೆ ಬರಲಿಲ್ಲ. ಯಾವಾಗ ಕೇಳಿದರೂ "ನೋಡೋಣ ರೀ" ಅನ್ನುತ್ತಿದ್ದಳು. ನಾನು ಕೇಳುವುದನ್ನೇ ಬಿಟ್ಟೆ. ಕೇಳಿದರೆ ಅವಳಿಗೂ ನೋವು.

ಗುಂಡು ಹೊಡೆಯಲು ಲೈನಿನಲ್ಲಿ ನಿಂತವರ ಹತ್ತಿರ ಫೋನ್ ಇರಕೂಡದು ಅಂತ ನಿಯಮ ಮಾಡಿದವನು ನಾನೇ. ಆದರೆ ಅವಳ ಕಾಲ್ ತಪ್ಪಿಹೋದರೆ ಅನ್ನೋ ಭಯಕ್ಕೆ, ಪಿಸ್ತೂಲಿನ ಪಕ್ಕದ ಜೇಬಿನಲ್ಲೇ ಕಳ್ಳತನದಿಂದ ಇಟ್ಟುಕೊಂಡಿರುತ್ತಿದ್ದೆ. ಅವತ್ತು ನನಗೆ ಎಂಜಿನಿಯರೇ ಎದುರಾಳಿ. ಮ್ಜೀ "ರೆಡಿ" ಅಂದರು. ದೀಪ ಇನ್ನೂ ಹತ್ತಿಲ್ಲ, ಫೋನು ಗುರ್ ಅಂತು. ನನ್ನ ಕೈ ಹೋದದ್ದು ನನಗೇ ಗೊತ್ತಾಗಲಿಲ್ಲ. ಪಿಸ್ತೂಲು ಅದರ ಜಾಗದಲ್ಲೇ ಇತ್ತು, ಫೋನು ಕಿವಿಯಲ್ಲಿತ್ತು. ಅಷ್ಟು ಬೇಗ ನಾನು ಯಾವತ್ತೂ ಏನನ್ನೂ ಎಳೆದವನಲ್ಲ.

"ರೀ, ಗ್ಯಾಸಿನ ರೆಗ್ಯುಲೇಟರ್ ತೆಗೆಯೋಕೆ ಬರ್ತಿಲ್ಲ," ಅಂದಳು.

ನಾನು ಅಲ್ಲೇ ನಿಂತು, ಕೈಸನ್ನೆ ಸಮೇತ ಹೇಳಿಕೊಟ್ಟೆ. ಮೊದಲು ನಾಬ್ ಆಫ್ ಮಾಡು, ಆಮೇಲೆ ಕೆಳಗಿನ ರಿಂಗ್ ಮೇಲೆತ್ತು, ಹಾಗೇ ಎಳಿ. ಗೋಡೌನಿಗೆ ಗೋಡೌನೇ ನೋಡುತ್ತಿತ್ತು. "ಬಂತಾ? ಸಿಲಿಂಡರ್ ಖಾಲಿ ಆಯ್ತಾ?" ಅಂದೆ.

"ಇಲ್ಲ, ಇನ್ನೂ ಅರ್ಧ ಇದೆ."

"ಮತ್ತ್ಯಾಕೇ ತೆಗೀತೀಯ?"

"ಮನೆಗೆ ಬೀಗ ಹಾಕ್ಬೇಕಾದ್ರೆ ತೆಗೀಬೇಡ್ವಾ?"

"ಬೀಗ ಯಾಕೆ?" ಅಂದೆ. ಆಗಲೂ ನನಗೆ ಹೊಳೆಯಲಿಲ್ಲ ನೋಡಿ.

"ನಿನ್ನೆ ಸಂಜೆ ರಜೆ ಆರ್ಡರ್ ಬಂತು. ಆಗಲೇ ಹೇಳಿದ್ರೆ ನೀವು ರಾತ್ರಿಯೆಲ್ಲ ನಿದ್ದೆಗೆಡ್ತಿದ್ರಿ ಅಂತ ಹೇಳ್ಲಿಲ್ಲ," ಅಂದಳು.

ಫೋನು ಕಿವಿಗೆ ಒತ್ತಿಕೊಂಡು, ಸೊಂಟದಲ್ಲಿ ಪಿಸ್ತೂಲು ಕಟ್ಟಿಕೊಂಡ ಗಂಡಸು, ಎಲ್ಲರೆದುರಿಗೆ ಅಳುತ್ತಾ ನಿಂತೆ. ಮ್ಜೀ ದೀಪದ ಸ್ವಿಚ್ಚಿನಿಂದ ಕೈ ತೆಗೆದು ಬೇರೆ ಕಡೆ ನೋಡಿದರು. ಎಂಜಿನಿಯರ್ ಮಾತ್ರ ಮೊದಲಿನಿಂದಲೂ ಮೊಣಕಾಲು ಬಗ್ಗಿಸಿ, ಕೈಯನ್ನು ಪಿಸ್ತೂಲಿನ ಮೇಲಿಟ್ಟುಕೊಂಡು, ನಿಂತ ಭಂಗಿಯಲ್ಲೇ ಇದ್ದ.

"ಸಾರ್," ಅಂದ ಮೆಲ್ಲಗೆ, "ದೀಪ ಈಗ ಹಾಕಿಸ್ತೀರೋ, ಮೇಡಂ ಬಂದಮೇಲೋ? ನನಗೆ ಕಾಲು ಜೋಮು ಹಿಡೀತಿದೆ."