ಮಂಗಳಕ್ಕೆ ಮೊದಲೇ ಎದ್ದುಹೋದ ಅಣ್ಣನ ಕುರಿತು ಅಮೆರಿಕದ ಚುನಾವಣಾಧಿಕಾರಿಗಳಿಗೆ

ಅಮೆರಿಕದ ಅಧ್ಯಕ್ಷರ ಚುನಾವಣೆಯನ್ನು ನಡೆಸಿಕೊಡುವ ಮುಖ್ಯಾಧಿಕಾರಿಗಳ ಸನ್ನಿಧಿಗೆ, ಸಿದ್ದಾಪುರ ತಾಲೂಕಿನ ಮನ್ಮನೆಯಿಂದ ಪರಿಮಳಾ ಮಾಡುವ ಅನೇಕ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಇಡೀ ದೇಶಕ್ಕೆ ಅಂಥ ಒಬ್ಬ ಅಧಿಕಾರಿಯೇ ನಿಮ್ಮಲ್ಲಿಲ್ಲ, ಒಂದೊಂದು ರಾಜ್ಯದವರು ತಮ್ಮ ತಮ್ಮ ಪದ್ಧತಿಯಂತೆ ಎಣಿಸಿಕೊಳ್ಳುತ್ತಾರೆ ಎಂದು ನನ್ನ ಮಗಳು ಅಭಿಜ್ಞಾ ಹೇಳುತ್ತಾಳೆ. ಅಷ್ಟು ದೊಡ್ಡ ದೇಶ ಹೇಳುವವರು ಕೇಳುವವರಿಲ್ಲದೆ ನಡೆದಿದೆ ಎಂದು ನಂಬಿದರೆ ತಮಗೇ ಅಗೌರವವಾದೀತೆಂದು, ತಾವು ಇದ್ದೀರಿ ಎಂದೇ ತಿಳಿದು ಬರೆಯುತ್ತಿದ್ದೇನೆ.

ವಿಷಯ ಸಣ್ಣದು. ತಮ್ಮ ಕಳೆದ ಚುನಾವಣೆಯ ದೆಸೆಯಿಂದ ನನ್ನ ಒಡಹುಟ್ಟಿದ ಅಣ್ಣ ನನ್ನ ಮನೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾನೆ. ತಾವು ದಯಮಾಡಿ ಅವನನ್ನು ವಾಪಸು ಕಳಿಸಿಕೊಡಬೇಕು.

ಅಣ್ಣ ಶಾಂತಾರಾಮ ಯಲ್ಲಾಪುರದ ಕಡೆ ನನ್ನ ತವರಿನಲ್ಲಿದ್ದಾನೆ. ಅವನೂ ನನ್ನ ಯಜಮಾನರಾದ ಉಲ್ಲಾಸರೂ ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ತಮ್ಮಲ್ಲಿ ತಾಳಮದ್ದಲೆ ಇದೆಯೋ ಇಲ್ಲವೋ ತಿಳಿಯದು. ಭಾಗವತರು ಪದ ಹಾಡುತ್ತಾರೆ, ವೇಷ ಕಟ್ಟದೆ ಎದುರುಬದುರು ಕೂತ ಇಬ್ಬರು ಬರಿಯ ಬಾಯಿಮಾತಿನಲ್ಲೇ ಯುದ್ಧ ಮಾಡುತ್ತಾರೆ. ತಮ್ಮ ಅಭ್ಯರ್ಥಿಗಳು ಟಿವಿಯಲ್ಲಿ ಮಾಡುವುದೂ ಅದನ್ನೇ. ಆದರೆ ನಮ್ಮ ಪ್ರಸಂಗದಲ್ಲಿ ಸೋಲುವವರು ಯಾರೆಂಬುದು ಮೊದಲೇ ಗೊತ್ತಿರುತ್ತದೆ, ಕಡೆಗೆ ಎಲ್ಲರೂ ಸೇರಿ ಮಂಗಳ ಹಾಡಿ ಊಟಕ್ಕೆ ಏಳುತ್ತಾರೆ.

ನಮ್ಮ ಕಡೆಯವರು ಯಾವ ಚುನಾವಣೆಯಾದರೂ ಮೊದಲು ಚಿಹ್ನೆ ಕೇಳುತ್ತಾರೆ. ತಮ್ಮಲ್ಲಿ ಒಂದು ಪಕ್ಷಕ್ಕೆ ಆನೆ, ಇನ್ನೊಂದಕ್ಕೆ ಕತ್ತೆ ಎಂದು ತಿಳಿದ ದಿನವೇ ಅಣ್ಣ ಆನೆಯ ಕಡೆಗೂ ಯಜಮಾನರು ಕತ್ತೆಯ ಕಡೆಗೂ ಸೇರಿದರು. ಅಣ್ಣನ ಗದ್ದೆಗೆ ಪ್ರತಿವರ್ಷ ಕಾಡಾನೆ ನುಗ್ಗುತ್ತದೆ. ಬೆಳಗ್ಗೆ ಅರಣ್ಯ ಇಲಾಖೆಗೆ ಫೋನು ಮಾಡಿ ಆನೆಯನ್ನು ಬಾಯಿಗೆ ಬಂದಂತೆ ಬೈದು, ಮಧ್ಯಾಹ್ನ ಅದೇ ಫೋನಿನಲ್ಲಿ ನಮ್ಮ ಮನೆಗೆ ಆನೆಯ ಗುಣಗಾನ ಮಾಡುತ್ತಿದ್ದ. ಯಜಮಾನರು ಕತ್ತೆಯನ್ನು ಒಮ್ಮೆ ಶಿರಸಿ ಪೇಟೆಯಲ್ಲಿ ನೋಡಿದ್ದಾರಂತೆ, ಅದೂ ಹಿಂಬದಿಯಿಂದ. ಆದರೂ ಅದರ ಮಾನ ಕಾಯಲು ಅವರು ಪಟ್ಟ ಪಾಡನ್ನು ಅದರ ಬಳಗದವರೂ ಪಟ್ಟಿರಲಾರರು. ತಮ್ಮ ಪೆನ್ಸಿಲ್ವೇನಿಯಾದ ಯಾವ ಜಿಲ್ಲೆಯಲ್ಲಿ ಯಾರ ಕೈ ಮೇಲು ಎಂದು ಇಬ್ಬರಿಗೂ ಬಾಯಿಪಾಠ. ನಮ್ಮ ವಾರ್ಡಿನ ಪಂಚಾಯತ ಸದಸ್ಯೆ ಮಹೇಶ್ವರಿಯವರು ಬಾಗಿಲಿಗೆ ಬಂದಾಗ ಮಾತ್ರ, "ತಾವು ಯಾರು?" ಎಂದು ಯಜಮಾನರು ವಿನಯದಿಂದ ವಿಚಾರಿಸಿದರು.

ತಮ್ಮ ಎಣಿಕೆ ನಮ್ಮ ದೊಡ್ಡಹಬ್ಬವಾದ ದೀಪಾವಳಿಗೂ ತುಳಸಿ ಮದುವೆಗೂ ನಡುವೆ ಬಂತು. ಆನೆ ಗೆದ್ದಿತು. ತುಳಸಿ ಮದುವೆಯ ದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ತಾಳಮದ್ದಲೆ ಆಗುವುದು ನಮ್ಮ ಮಾವನವರ ಕಾಲದ ರೂಢಿ. ಆ ಪ್ರಸಂಗದಲ್ಲಿ ಗೆಲ್ಲುವ ವೀರ ಯಾವತ್ತೂ ಅಣ್ಣ, ಬಾಣ ತಾಗಿ ಬೀಳುವ ವೀರ ಯಾವತ್ತೂ ಯಜಮಾನರು. ಅವರಷ್ಟು ಚೆಂದ ಸೋಲುವವರು ಮೂರು ತಾಲೂಕಿನಲ್ಲಿಲ್ಲ, ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಆ ದಿನ ಸೋಂದಾದಿಂದ ಬಂದ ಭಾಗವತರು ವೀರ ಬೀಳುವ ಪದ ಹಾಡಿದರು. ಯಜಮಾನರು ಬೀಳಲಿಲ್ಲ. ಭಾಗವತರು ಅದನ್ನೇ ಇನ್ನೊಮ್ಮೆ ಹಾಡಿದರು. ಯಜಮಾನರು ಕೂತಲ್ಲೇ ನೆಟ್ಟಗಾಗಿ, "ಎಣಿಕೆ ಇನ್ನೂ ಮುಗದ್ದಿಲ್ಲೆ ಭಾವಾ" ಎಂದುಬಿಟ್ಟರು.

ಸಭೆ ನಕ್ಕಿತು. ಅಣ್ಣ ನಗಲಿಲ್ಲ. ನೂರಾರು ಕಡೆ ಅರ್ಥ ಹೇಳಿದ ಅವನಿಗೆ, ತನ್ನ ಬಾಣಕ್ಕೆ ಬೀಳದ ಎದುರಾಳಿ ಸಿಕ್ಕಿದ್ದು ಅದೇ ಮೊದಲು. "ಇನ್ನು ಈ ಮನೆಗೆ ಆನು ಬತ್ನಿಲ್ಲೆ" ಎಂದು ಹೆಗಲ ಶಾಲನ್ನೂ ಬಿಟ್ಟು, ಮಂಗಳಕ್ಕೆ ಮೊದಲೇ ಎದ್ದು ಹೋದ. ಅವನಿಗೆಂದೇ ಕಬ್ಬಿನ ಹಾಲಿನಲ್ಲಿ ಮಾಡಿದ್ದ ಸಿಹಿ ತೊಡೆದೇವನ್ನು ಮುಟ್ಟಲಿಲ್ಲ. ನನಗೆ ಆದ ಸಂಕಟವನ್ನು ಸರ್ಕಾರಿ ಭಾಷೆಯಲ್ಲಿ ಬರೆಯಲು ಬರುವುದಿಲ್ಲ, ಕ್ಷಮಿಸಬೇಕು.

ಮಾನ್ಯರೇ, ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ತಾವು ಅಲ್ಲಿ ಕೂತು ಎಣಿಸಿದ ಮಾತ್ರಕ್ಕೆ ಮನ್ಮನೆಯ ಚಾವಡಿಯಲ್ಲಿ ಯುದ್ಧ ಅರ್ಧಕ್ಕೆ ನಿಲ್ಲುತ್ತದೆಂದರೆ ಅದು ತಮ್ಮ ಆಡಳಿತದ ದಕ್ಷತೆಯೇ ಸರಿ; ನಮ್ಮ ವಿದ್ಯುತ್ ಇಲಾಖೆಯವರಿಗೆ ಇಲ್ಲಿಯ ಕಂಬದಿಂದ ಇಲ್ಲಿಯ ಮನೆಗೆ ಕರೆಂಟು ಮುಟ್ಟಿಸಲು ಸಾಧ್ಯವಾಗಿಲ್ಲ. ಆದ್ದರಿಂದ ಮುಂದಿನ ಸಲ ತಮ್ಮ ಚುನಾವಣೆಯನ್ನು ನಮ್ಮ ಪಂಚಾಂಗ ನೋಡಿ ಇಟ್ಟುಕೊಳ್ಳಬೇಕಾಗಿಯೂ, ಪಕ್ಷಗಳ ಚಿಹ್ನೆಯನ್ನು ಕೊಡೆ, ತೆಂಗಿನಕಾಯಿ ಮುಂತಾದ ಜಗಳ ಹುಟ್ಟಿಸದ ವಸ್ತುಗಳಿಗೆ ಬದಲಿಸಬೇಕಾಗಿಯೂ, ಅದಾಗದಿದ್ದಲ್ಲಿ ಅಣ್ಣನ ಗದ್ದೆಯ ಆನೆಯನ್ನು ಪಕ್ಷದ ಕಾರ್ಯಕರ್ತನೆಂದು ಪರಿಗಣಿಸಿ ಕರೆಸಿಕೊಳ್ಳಬೇಕಾಗಿಯೂ ಪ್ರಾರ್ಥನೆ.

ಇನ್ನೊಂದು ಪ್ರಾರ್ಥನೆ ತುರ್ತಿನದು. ತಮ್ಮಲ್ಲಿ ಸೋತವರು ಗೆದ್ದವರಿಗೆ ಫೋನು ಮಾಡಿ ಸೋಲು ಒಪ್ಪಿಕೊಳ್ಳುವ ಒಳ್ಳೆಯ ಪದ್ಧತಿ ಇದೆಯಂತೆ. ಅಣ್ಣನಿಗೆ ಹಾಗೊಂದು ಫೋನು ಮಾಡಲು ನಮ್ಮ ಯಜಮಾನರಿಗೆ ತಾವು ಹೇಳಬೇಕು; ಅಮೆರಿಕದವರು ಹೇಳಿದರೆ ಅವರು ಕೇಳುತ್ತಾರೆ. ನಾನು ಹೇಳಿದ್ದನ್ನು ಈವರೆಗೆ ಕೇಳಿದ್ದಿಲ್ಲ. ಮತ್ತೆ ತುಳಸಿ ಮದುವೆ ಬರುತ್ತಿದೆ. ಈಚೆಗೆ ಅವರು ಸಂಜೆ ಹೊತ್ತು ಕೊಟ್ಟಿಗೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಏನೆಂದು ಇಣುಕಿ ನೋಡಿದೆ. ದನಗಳ ಎದುರು ಕೂತು, ಆ ದಿನ ಹೇಳದೆ ಬಿಟ್ಟ ಕೊನೆಯ ಮಾತುಗಳನ್ನು ಹೇಳಿ, ಎದೆಗೆ ಕೈ ಒತ್ತಿ, ಹುಲ್ಲಿನ ಮೇಲೆ ಮೆಲ್ಲಗೆ ಬಿದ್ದರು. ಬಿದ್ದವರು ಸ್ವಲ್ಪ ಹೊತ್ತು ಏಳಲಿಲ್ಲ. ಸೋಲು ತಯಾರಾಗಿದೆ ಮಾನ್ಯರೇ, ಗೆಲ್ಲುವವನು ಬರಬೇಕಷ್ಟೆ.

ಮತದ ಹಕ್ಕಿಲ್ಲದಿದ್ದರೂ ಫಲಿತಾಂಶ ಅನುಭವಿಸುತ್ತಿರುವ
ತಮ್ಮ ವಿಶ್ವಾಸಿ,
ಪರಿಮಳಾ, ಮನ್ಮನೆ

ತಾ.ಕ.: ತಮ್ಮ ದೇಶದಲ್ಲೇ ಕೋಟ್ಯಂತರ ಜನ ಮತ ಹಾಕಲು ಹೋಗುವುದಿಲ್ಲ, ಯಾರು ಗೆದ್ದರೂ ಅವರಿಗೆ ಅಷ್ಟಕ್ಕಷ್ಟೇ ಎಂದು ಅಭಿಜ್ಞಾ ಹೇಳುತ್ತಾಳೆ. ಅಂಥವರ ಮನೆಗಳಿಗೆ ಹಬ್ಬಕ್ಕೆ ಅಣ್ಣಂದಿರು ಬರುತ್ತಾರೆಯೇ, ದಯವಿಟ್ಟು ವಿಚಾರಿಸಿ ತಿಳಿಸಿ. ಅಣ್ಣನ ಶಾಲನ್ನು ತೊಳೆದು ಇಟ್ಟಿದ್ದೇನೆ.