ಕಾಕಾ ಮೊಬೈಲ್ ಕರಾರು ಮುರಿಯಲು ಹೊರಟದ್ದು

ನಮ್ಮ ಕಾಕಾ ಜೀವಮಾನದಲ್ಲಿ ಯಾವುದನ್ನೂ ಬಿಟ್ಟವರಲ್ಲ. ಆದರೆ ಬಿಟ್ಟುಬಿಡುತ್ತೇನೆಂದು ಹೇಳದೆ ಒಂದು ದಿನವೂ ಕಳೆದವರಲ್ಲ. ಅವರ ಮೊಬೈಲ್ ಕರಾರನ್ನು ಅವಧಿಗೆ ಮೊದಲೇ ಮುಗಿಸುವ ಕೆಲಸ ಕೊನೆಗೆ ನನ್ನ ಪಾಲಿಗೆ ಬಂತು. ಅದೇನು ಮಹಾ ಕೆಲಸ, ಒಂದು ಅರ್ಜಿ, ಒಂದು ಸಹಿ ಎನ್ನುತ್ತೀರಾ? ಹಾಗಾದರೆ ನಿಮಗೆ ನಮ್ಮ ಕಾಕಾ ಗೊತ್ತಿಲ್ಲ.

ಕಲಬುರಗಿ ಕಡೆಯಿಂದ ಬಂದು ತೆಲುಗು ನಾಡಿನ ರಾಜಧಾನಿಯ ಕಾಚಿಗೂಡದಲ್ಲಿ ನೆಲೆಸಿದ ನಮ್ಮ ಮನೆತನದಲ್ಲಿ, ಹೋದ ಮನೆಯಿಂದ ಎದ್ದು ಬರುವುದಕ್ಕೊಂದು ಕ್ರಮವಿದೆ. ಮೊದಲ ಸಲ "ಬರ್ತೀನ್ರಿ" ಎಂದು ಎದ್ದಾಗ ಮನೆಯವರು "ಈಗ ಬಂದೀರಿ, ಕುಂದರ್ರಿ" ಎನ್ನಬೇಕು. ಎರಡನೆಯ ಸಲ ಎದ್ದರೆ ಚಹಾ ಬರಬೇಕು. ಮೂರನೆಯ ಸಲ, ಚಪ್ಪಲಿ ಹಾಕಿಕೊಂಡ ಮೇಲೆ, ಬಾಗಿಲಲ್ಲೇ ಅರ್ಧ ಗಂಟೆ ಮಾತಾಗಬೇಕು. ಒಮ್ಮೆ ಗಚ್ಚಿಬೌಲಿಯಲ್ಲಿ, ಮೈಸೂರಿನಿಂದ ಕೆಲಸಕ್ಕೆ ಬಂದಿದ್ದ ಪರಿಚಯದವರ ಫ್ಲ್ಯಾಟಿಗೆ ಹೋಗಿದ್ದೆವು. ಕಾಕಾ ಮೊದಲ "ಬರ್ತೀನ್ರಿ" ಅಂದದ್ದೇ ತಡ, ಆ ಸಜ್ಜನರು "ಆಯ್ತು ಸರ್" ಎಂದವರೇ ಹೋಗಿ ಲಿಫ್ಟಿನ ಗುಂಡಿ ಒತ್ತಿ ನಿಂತರು! ಮನೆ ಮುಟ್ಟಿದ ಮೇಲೂ ಕಾಕಾನ ಸಿಟ್ಟು ಇಳಿಯಲಿಲ್ಲ.

"ಲಿಫ್ಟ್ ಕರಸಿ ಕಳಿಸಿದ್ರು ನೋಡು" ಎಂದರು ಹೆಂಡತಿಗೆ, ಅಂದರೆ ನಮ್ಮ ಕಾಕುಗೆ.

"ನೀವೇ ಬರ್ತೀನಿ ಅಂದ್ರಲ್ಲ" ಎಂದರು ಕಾಕು.

"ಅಂದ್ರ? ಹೋಗ್ತೀನಿ ಅಂತ ಅರ್ಥ ಏನು?"

ಇಂಥವರ ಕೈಗೆ ಒಂದು ವರ್ಷದ ಮೊಬೈಲ್ ಕರಾರು ಸಿಕ್ಕಿತು. ಎರಡನೆಯ ತಿಂಗಳಿಗೇ "ನಡಿ, ಮುರಿದು ಬರೋಣ" ಎಂದು ನನ್ನನ್ನು ಕಂಪನಿಯ ಕಚೇರಿಗೆ ಎಳೆದುಕೊಂಡು ಹೋದರು. ಕಾರಣ ಕೇಳಿದರೆ, ಬಚ್ಚಲಮನೆಯಲ್ಲಿ ಸಿಗ್ನಲ್ ಇಲ್ಲವಂತೆ. ಬಚ್ಚಲಮನೆಯಲ್ಲಿ ಇವರಿಗೆ ಯಾರ ಜೊತೆ ಮಾತು?

ಕೌಂಟರಿನಲ್ಲಿ ರಾಯಚೂರು ಕಡೆಯ ಹೆಣ್ಣುಮಗಳೊಬ್ಬಳಿದ್ದಳು. ಇವರ ತೆಲುಗು ಕೇಳಿಯೇ ಯಾವ ಕಡೆಯವರೆಂದು ಗುರುತು ಹಿಡಿದಳು. ಅರ್ಜಿಯ ಮೇಲೆ ಕೈಯಿಟ್ಟು, "ಯಾಕ್ರೀ ಕಾಕಾರ, ನಮ್ಮಿಂದ ಏನ್ ತಪ್ಪಾತು? ಹಿಂಗ ನಡು ನೀರಾಗ ಕೈ ಬಿಟ್ರ ಹ್ಯಾಂಗ್ರಿ?" ಎಂದಳು.

ಗ್ರಾಹಕರನ್ನು ಹೇಗಾದರೂ ಉಳಿಸಿಕೊಳ್ಳಿ ಎಂದು ಕಂಪನಿ ಅವಳಿಗೆ ಸಂಬಳ ಕೊಡುತ್ತಿತ್ತು. ಕಾಕಾನಿಗೆ ಅದೆಲ್ಲ ಯಾಕೆ? ಇಷ್ಟು ದೊಡ್ಡ ಊರಿನಲ್ಲಿ ಕನ್ನಡದಲ್ಲಿ "ಇರ್ರಿ" ಅನ್ನುವ ಒಂದು ಕೌಂಟರು ಸಿಕ್ಕಿತ್ತು. ಇಪ್ಪತ್ತು ಜಿಬಿ ಇಂಟರ್ನೆಟ್ ಹೆಚ್ಚಿಗೆ ಪಡೆದು, ಅರ್ಜಿ ಹರಿದು, ಗೆದ್ದವರಂತೆ ಹೊರಬಂದರು. ಮೆಟ್ಟಿಲಿಳಿಯುವಾಗ ನನ್ನ ಕಿವಿಯಲ್ಲಿ ಕೇಳಿದರು: "ತಮ್ಮಾ, ಇಷ್ಟೆಲ್ಲಾ ಎಲ್ಲಿ ಇಡೋದೋ?"

ಆಮೇಲೆ ಅದು ತಿಂಗಳ ವ್ರತವಾಯಿತು. ಶಂಶಾಬಾದಿನಲ್ಲಿ ಕೆಲಸ ಮಾಡುವ ನನಗೆ ಅರ್ಧ ದಿನದ ರಜೆ, ಕಾಕಾನಿಗೆ ಇಸ್ತ್ರಿ ಮಾಡಿದ ಅಂಗಿ. ಅರ್ಜಿಯ 'ಕಾರಣ' ಎಂಬ ಜಾಗದಲ್ಲಿ ಒಮ್ಮೆ 'ಮನಸ್ಸಿಗೆ ಬೇಸರ' ಎಂದು ಬರೆದರು. ಇನ್ನೊಮ್ಮೆ 'ತಮಗೇ ಗೊತ್ತಿರುವಂತೆ' ಎಂದು ಬರೆದರು.

ಒಂದು ತಿಂಗಳು ಆ ಕೌಂಟರಿನ ಹೆಣ್ಣುಮಗಳು ರಜೆಯಲ್ಲಿದ್ದಳು. ಅವಳ ಜಾಗದಲ್ಲಿದ್ದ ಮನುಷ್ಯ ಅರ್ಜಿ ನೋಡಿ, "ಕೂರ್ಚೋಂಡಿ, ಪದಿ ನಿಮಿಷಾಲ್ಲೋ ಅಯಿಪೋತುಂದಿ" ಎಂದು ಕುರ್ಚಿ ತೋರಿಸಿದ. ಹತ್ತು ನಿಮಿಷದಲ್ಲಿ ಮುಗಿಸಿಕೊಡುತ್ತಾನಂತೆ! ಕಾಕಾನ ಮುಖ ಬಿಳಿಚಿತು. ಅವನ ಕೈಯಿಂದ ಅರ್ಜಿ ಕಸಿದುಕೊಂಡು, "ಬರೇ ವಿಚಾರಸಾಕ ಬಂದಿದ್ದೆ" ಎಂದು ಕನ್ನಡದಲ್ಲೇ ಹೇಳಿ, ಅವನ ಪೆನ್ನನ್ನೂ ಜೇಬಿಗಿಳಿಸಿ, ರಸ್ತೆ ದಾಟುವವರೆಗೆ ತಿರುಗಿ ನೋಡದೆ ನಡೆದರು.

"ನನಗ ಮಾತ್ರ ಒಮ್ಮೆನೂ ಬಿಟ್ಟು ಹೋಗ್ತೀನಿ ಅಂದಿಲ್ಲ ನೋಡು" ಎಂದರು ಕಾಕು, ಇದನ್ನು ಕೇಳಿ. "ಅಂದ್ರ ನಾ ಹೂಂ ಅಂತೀನಿ ಅಂತ ಅಂಜಿಕಿ."

ಅಂಥ ಕಾಕಾ ಹೋದ ತಿಂಗಳು, ಊಟದ ತಟ್ಟೆಯ ಮುಂದೆ ಕುಳಿತಲ್ಲೇ, ಒಂದು ಮಾತೂ ಹೇಳದೆ ಹೊರಟುಹೋದರು. ಕುಂದರ್ರಿ ಅನ್ನಲು ನಮಗೆ ಒಂದು ಸಲವೂ ಸಿಗಲಿಲ್ಲ.

ನಿನ್ನೆ ಒಬ್ಬನೇ ಆ ಕಚೇರಿಗೆ ಹೋದೆ. ಅರ್ಜಿಯ ಮೇಲಿನ ಹೆಸರು ನೋಡಿ ರಾಯಚೂರು ಕಡೆಯ ಆ ಹೆಣ್ಣುಮಗಳು ನಕ್ಕಳು.

"ಮತ್ತ ಸಿಟ್ಟಾಗ್ಯಾರೇನ್ರಿ? ಈ ಸಲ ನಿಮ್ಮನ್ನ ಮುಂದ ಮಾಡ್ಯಾರ."

 ಅವಳು ಇನ್ನಷ್ಟು ಇಂಟರ್ನೆಟ್ ಕೊಡುತ್ತೇನೆಂದಳು. ನಾನು ಬೇಡವೆಂದು ತಲೆಯಾಡಿಸಿದೆ. ಹೊಸ ಸಿಮ್ ಎಂದಳು, ಮತ್ತೇನೇನೋ ಎಂದಳು. ಕೊನೆಗೆ ಕೈ ಚೆಲ್ಲಿ ಕುಳಿತಳು.

"ಏನ್ ಕೊಟ್ರ ಉಳೀತಾರ್ರಿ ನಿಮ್ಮ ಕಾಕಾರು? ನೀವೇ ಹೇಳ್ರಿ ಅಣ್ಣಾರ."

ಮರಣ ಪ್ರಮಾಣಪತ್ರವನ್ನು ಚೀಲದಿಂದ ತೆಗೆದು ಅವಳ ಮುಂದಿಟ್ಟೆ. ಅವಳು ಓದಿದಳು. ನನ್ನ ಹಿಂದೆ ನಿಂತವರು ಕೆಮ್ಮಿದರು, ಅವಳು ತಲೆ ಎತ್ತಲಿಲ್ಲ. ಆಮೇಲೆ ಎರಡೂ ಕಾಗದಗಳನ್ನು ಸೇರಿಸಿ ನನ್ನ ಕಡೆಗೇ ಸರಿಸಿದಳು.

"ಇನ್ನೂ ಐದು ತಿಂಗಳ ಐತ್ರಿ ಕರಾರು. ಇರಲಿ ಬಿಡ್ರಿ."

ಕಾಕಾ ಆಗಿದ್ದರೆ ಇನ್ನೆರಡು ಸಲ ಹೇಳಿಸಿಕೊಳ್ಳುತ್ತಿದ್ದರು. ನಾನು ಮೊದಲನೆಯದಕ್ಕೇ ಒಪ್ಪಿಕೊಂಡೆ.