ನೀವು ಹುಡುಕಿದ ಪುಟ ಸಿಗಲಿಲ್ಲ

ನಮ್ಮ ಇಲಾಖೆಯ ಜಾಲತಾಣದಲ್ಲಿ ಒಟ್ಟು ನಾನೂರ ಹನ್ನೆರಡು ಕೊಂಡಿಗಳಿದ್ದು, ಅವುಗಳಲ್ಲಿ ಒಂದೂ ಮುರಿದಿರುವುದಿಲ್ಲ. ಇದು ಅಧಿಕೃತ ಹೇಳಿಕೆ. ಮುರಿದಿವೆ ಎಂದು ಹೊರಗಿನವರು ಯಾರಾದರೂ ಹೇಳಿದರೆ ಅದು ಅವರವರ ಮನೆಯ ಕಂಪ್ಯೂಟರಿನ ದೋಷ, ಅಥವಾ ಅವರವರ ಬೆರಳಿನ ದೋಷ.

ಈ ಒಂದು ಹೇಳಿಕೆಗೆ ಬಂದು ಮುಟ್ಟಲು ನಮಗೆ ಹನ್ನೊಂದು ತಿಂಗಳು ಹಿಡಿಯಿತು. ನಾನು ಮೂರನೆಯ ಕಿಟಕಿಯ ಗುಮಾಸ್ತ, ಜೊತೆಗೆ ಕೊಂಡಿ ತಪಾಸಣಾ ಸಮಿತಿಯ ಕಾರ್ಯದರ್ಶಿ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳುವ ಹಕ್ಕು ನನಗಿದೆ. ನಮ್ಮನ್ನು ಕಂಡರೆ ಆಗದವರು ಇದನ್ನೇ ಬೇರೆ ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ತಿರುಗಲಿ, ಅವರ ಕಾಲು, ಅವರ ಚಪ್ಪಲಿ.

ಮೊದಲು ಬಂದವಳು ಒಬ್ಬ ದರ್ಜಿ ಹೆಂಗಸು. ಕೊರಳಲ್ಲಿ ಅಳತೆಯ ಟೇಪು, ಸೊಂಟದ ಮೇಲೆ ಮಗಳು. ಮಗಳಿಗೆ ಐದು ವರ್ಷ ಒಂದು ತಿಂಗಳು, ಕಿವಿ ಕೇಳದು. ಆರು ತುಂಬುವುದರೊಳಗೆ ಕಿವಿಗೆ ಯಂತ್ರ ಹಾಕಿದರೆ ಮಾತು ಬರುತ್ತದೆ, ತಡವಾದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಯಂತ್ರವನ್ನು ನಮ್ಮ ಇಲಾಖೆಯೇ ಕೊಡುತ್ತದೆ. ಆರು ತುಂಬಿದವರಿಗೆ ಕೊಡಕೂಡದೆಂಬ ನಿಯಮವೂ ನಮ್ಮದೇ. ಅರ್ಜಿಯನ್ನು ಮಾತ್ರ ಜಾಲತಾಣದಿಂದಲೇ ತೆಗೆದುಕೊಳ್ಳಬೇಕು.

“ಸಾರ್, ಅರ್ಜಿ ನಮೂನೆ ಅಂತ ಇರೋ ಲಿಂಕ್ ಒತ್ತಿದ್ರೆ, ಕ್ಷಮಿಸಿ, ನೀವು ಹುಡುಕಿದ ಪುಟ ಸಿಗಲಿಲ್ಲ ಅಂತ ಬರ್ತಿದೆ,” ಎಂದಳು.

“ಹಾಗಾದ್ರೆ ಸಿಕ್ಕಿಲ್ಲ ಅಂತ ಅರ್ಥ,” ಎಂದೆ.

“ಯಾವಾಗ ಸಿಗುತ್ತೆ?”

“ಮುಂದಿನ ಮಂಗಳವಾರ ಬನ್ನಿ.”

ಅವಳು ಕತ್ತು ಉದ್ದ ಮಾಡಿ ನನ್ನ ಬೆನ್ನ ಹಿಂದೆ ನೋಡಿದಳು. ಅಲ್ಲಿ ಕಪಾಟಿನ ಪಕ್ಕ ಹಳೆಯ ಕಾಗದದ ನಮೂನೆಗಳ ಮೂರು ಕಟ್ಟುಗಳಿವೆ. ಅವುಗಳ ಮೇಲೆ ನಾನು ಚಹಾದ ಲೋಟ ಇಡುತ್ತೇನೆ.

“ಆ ಕಟ್ಟಿನ ಮೇಲೆ ಅದೇ ಅರ್ಜಿ ಹೆಸರಿದೆಯಲ್ಲ ಸಾರ್.”

“ಅದು ಇಲ್ಲ. ಎಲ್ಲಾ ಜಾಲತಾಣಕ್ಕೆ ಹೋದ ಮೇಲೆ ಕಾಗದದ ನಮೂನೆ ಅಸ್ತಿತ್ವದಲ್ಲಿಲ್ಲ ಅಂತ ಆದೇಶ ಆಗಿದೆ.”

“ಕಣ್ಣಿಗೆ ಕಾಣ್ತಿದೆ.”

“ಕಾಣೋದು ಬೇರೆ ತಾಯಿ, ಇರೋದು ಬೇರೆ.”

ಅವಳು ವಾದಕ್ಕೆ ನಿಲ್ಲಲಿಲ್ಲ. ತಿಳಿವಳಿಕೆಯ ಹೆಂಗಸು. ಮುಂದಿನ ಮಂಗಳವಾರ ಬಂದಳು, ಅದರ ಮುಂದಿನ ಮಂಗಳವಾರವೂ ಬಂದಳು. ನನ್ನ ಕಿಟಕಿಯ ಗಾಜು ದಪ್ಪ, ಹೊರಗೆ ಸಂತೆಯ ಗದ್ದಲ. ಹಾಗಾಗಿ ನಾನು ತುಟಿಯನ್ನು ದೊಡ್ಡದಾಗಿ ಆಡಿಸಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದೆ: “ಪು-ಟ ಸಿ-ಗ-ಲಿ-ಲ್ಲ.” ಮಗುವನ್ನು ಅವಳು ಕಿಟಕಿಯ ಕಟ್ಟೆಯ ಮೇಲೆ ಕೂರಿಸುತ್ತಿದ್ದಳು. ಅದು ಗಾಜಿಗೆ ಅಂಗೈ ಒತ್ತಿ ನನ್ನ ಬಾಯಿಯನ್ನೇ ನೋಡುತ್ತಿತ್ತು. ಇಷ್ಟು ಶ್ರದ್ಧೆಯಿಂದ ನನ್ನ ಮಾತನ್ನು ಮನೆಯಲ್ಲಿ ಯಾರೂ ಕೇಳಿಸಿಕೊಂಡವರಲ್ಲ.

ನಾನು ಕೈಕಟ್ಟಿ ಕೂರಲಿಲ್ಲ. ನಾಲ್ಕನೆಯ ಮಂಗಳವಾರ ದೊಡ್ಡ ಸಾಹೇಬರಿಗೆ ಟಿಪ್ಪಣಿ ಕಳಿಸಿದೆ. ಸಾಹೇಬರು ಜಾಲತಾಣವನ್ನು ಬಹಳ ಮುತುವರ್ಜಿಯಿಂದ ನೋಡುವವರು. ಪ್ರತಿ ಸೋಮವಾರ ಇಡೀ ಜಾಲತಾಣವನ್ನು ಆರುನೂರು ಹಾಳೆಗಳಲ್ಲಿ ಮುದ್ರಿಸಿ, ದಾರ ಹಾಕಿ ಹೊಲಿದು ಅವರ ಮೇಜಿನ ಮೇಲಿಡುತ್ತೇವೆ. ಕಂಪ್ಯೂಟರಿನಲ್ಲಿ ನೋಡಿದರೆ ಅವರಿಗೆ ತಲೆ ಸುತ್ತುತ್ತದೆ. ಟಿಪ್ಪಣಿ ಓದಿ, ಕನ್ನಡಕ ಏರಿಸಿ, ಮುದ್ರಿಸಿದ ಹಾಳೆಯ ಮೇಲೆ ಅಡಿಗೆರೆ ಎಳೆದ ‘ಅರ್ಜಿ ನಮೂನೆ’ ಎಂಬ ಸಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಸ್ವಲ್ಪ ಹೊತ್ತು ಕಾದರು. ಮತ್ತೊಮ್ಮೆ ಒತ್ತಿದರು.

“ನನಗೇನೂ ಪುಟ ಸಿಗಲಿಲ್ಲ ಅಂತ ಬರ್ತಿಲ್ಲವಲ್ರೀ,” ಎಂದರು.

ಅದು ನಿಜವೇ. ಆದರೂ ದೂರು ಬರಹದಲ್ಲಿ ಬಂದಿರುವುದರಿಂದ ಬರಹದಲ್ಲೇ ಮುಗಿಯಬೇಕೆಂದು ಮೂವರ ಸಮಿತಿ ರಚಿಸಿದರು. ಅಧ್ಯಕ್ಷರಾಗಿ ಉಗ್ರಾಣದ ಅಧಿಕಾರಿಯನ್ನು ನೇಮಿಸಿದರು. ಇಲಾಖೆಯಲ್ಲಿ ಏನು ಸಿಗದಿದ್ದರೂ ಮೂವತ್ತು ವರ್ಷದಿಂದ ಅವರನ್ನೇ ಕೇಳುವುದು ವಾಡಿಕೆ. ಎರಡನೆಯವರು ಪ್ರಚಾರ ವಿಭಾಗದ ಮೇಡಂ. ಮೂರನೆಯವನು ನಾನು. ಮೊದಲ ಸಭೆಯಲ್ಲಿ ನಿಯಮಗಳು ಪಾಸಾದವು. ಒಬ್ಬರು ಒತ್ತಬೇಕು, ಒಬ್ಬರು ನೋಡಬೇಕು, ಒಬ್ಬರು ಸಹಿ ಹಾಕಬೇಕು. ಒತ್ತಿದವರು ನೋಡತಕ್ಕದ್ದಲ್ಲ, ನೋಡಿದವರು ಸಹಿ ಹಾಕತಕ್ಕದ್ದಲ್ಲ. ದಿನಕ್ಕೆ ಎರಡು ಕೊಂಡಿ, ಅದೂ ಹನ್ನೊಂದರಿಂದ ಒಂದು ಗಂಟೆಯೊಳಗೆ. ಮೇಡಂ ರಜೆಯಲ್ಲಿದ್ದ ದಿನ ನಾವಿಬ್ಬರೂ ಸುಮ್ಮನೆ ಕಂಪ್ಯೂಟರಿನ ಮುಂದೆ ಕೂತು ಎದ್ದು ಬರುತ್ತಿದ್ದೆವು. ನಿಯಮವೆಂದರೆ ನಿಯಮ.

ಎರಡನೆಯ ವಾರ ಒಂದು ಅಹಿತಕರ ಘಟನೆ ನಡೆಯಿತು. ನಮ್ಮಲ್ಲಿ ಗುತ್ತಿಗೆಯ ಮೇಲೆ ಒಬ್ಬ ಕಂಪ್ಯೂಟರ್ ಮೇಷ್ಟ್ರು ಇದ್ದರು. ಕತ್ತುನೋವಿಗೆ ಪಟ್ಟಿ ಕಟ್ಟಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದರು. ನಾವು ಮೂವರೂ ದರ್ಜಿ ಹೆಂಗಸಿನ ಕೊಂಡಿಯನ್ನು ತಪಾಸಣೆ ಮಾಡುತ್ತಿದ್ದಾಗ ಹಿಂದಿನಿಂದ ಬಗ್ಗಿ ನೋಡಿ, “ಇದರಲ್ಲಿ ಏನೂ ಇಲ್ಲ. ಯಾರೋ ಫೈಲನ್ನ ಬೇರೆ ಫೋಲ್ಡರಿಗೆ ಹಾಕಿದಾರೆ, ಅಷ್ಟೇ. ಏಳಿ, ಎರಡು ನಿಮಿಷ ಕೊಡಿ,” ಎಂದುಬಿಟ್ಟರು.

ಅಧ್ಯಕ್ಷರು ಕುರ್ಚಿಯನ್ನು ಅವರ ಕಡೆ ತಿರುಗಿಸಿದರು.

“ಎರಡು ನಿಮಿಷ?”

“ಹೆಚ್ಚೆಂದರೆ ಮೂರು.”

“ಅಂದ್ರೆ ಸಮಿತಿ ಯಾಕಿದೆ ಅಂತ ತಮ್ಮ ಅಭಿಪ್ರಾಯ?”

ಮೇಷ್ಟ್ರು ಯೋಚಿಸಿದರು. ಪಾಪ, ಆ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. “ಅದೇ ನನಗೂ ಗೊತ್ತಾಗ್ತಿಲ್ಲ,” ಎಂದರು. ಸಂಜೆಯೊಳಗೆ ನೋಟಿಸು ಹೋಯಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದರಂತೆ ಎಂದು ಚಹಾದ ಅಂಗಡಿಯಲ್ಲಿ ಮೇಷ್ಟ್ರು ನಮ್ಮನ್ನು ಆಡಿಕೊಂಡದ್ದೂ ನೋಟಿಸಿನಲ್ಲಿ ಸೇರಿತು. ಮರುದಿನ ಅವರನ್ನು ಲಿಫ್ಟಿನ ಉಸ್ತುವಾರಿಗೆ ವರ್ಗ ಮಾಡಲಾಯಿತು. ಅಂದಿನಿಂದ ಲಿಫ್ಟು ಚೆನ್ನಾಗಿ ಓಡುತ್ತಿದೆ.

ಒಂಬತ್ತು ತಿಂಗಳು ಒತ್ತಿದ ಮೇಲೆ ಲೆಕ್ಕ ಸಿಕ್ಕಿತು. ನಾನೂರ ಹನ್ನೆರಡರಲ್ಲಿ ಮುನ್ನೂರ ಎಂಬತ್ತೆಂಟು ಕೊಂಡಿಗಳು ಆ ಒಂದೇ ಬಿಳಿಯ ಪುಟಕ್ಕೆ ಹೋಗುತ್ತಿದ್ದವು. ಮೇಡಂ ಮುಖ ಸಪ್ಪೆ ಮಾಡಿಕೊಂಡರು. ಅಧ್ಯಕ್ಷರು ಮಾತ್ರ ಪರದೆಯನ್ನೇ ಬಹಳ ಹೊತ್ತು ನೋಡಿದರು. ಉಗ್ರಾಣದಲ್ಲಿ ಪಳಗಿದ ತಲೆ ಅದು.

“ಇದೇನಿದು, ನಮ್ಮ ಮುಂದಿರೋದು?” ಎಂದು ಕೇಳಿದರು.

“ಪುಟ ಸಿಗಲಿಲ್ಲ ಅಂತ ಬಂದಿದೆ,” ಎಂದೆ.

“ಎಲ್ಲಿ ಬಂದಿದೆ?”

“ಪುಟದಲ್ಲಿ.”

“ಹಾಗಾದ್ರೆ ಸಿಕ್ಕಿತಲ್ಲ,” ಎಂದರು.

ನಾವು ಎದ್ದು ನಿಂತು ಅವರ ಕೈ ಕುಲುಕಿದೆವು. ವಾರದೊಳಗೆ ಸುತ್ತೋಲೆ ಹೊರಟಿತು. ‘ಒತ್ತಿದ ಕೊಂಡಿಯು ಯಾವುದಾದರೊಂದು ಪುಟಕ್ಕೆ ತಲುಪಿದಲ್ಲಿ ಅದನ್ನು ಸುಸ್ಥಿತಿಯಲ್ಲಿರುವ ಕೊಂಡಿಯೆಂದು ಪರಿಗಣಿಸತಕ್ಕದ್ದು. ಪುಟ ಸಿಗಲಿಲ್ಲವೆಂದು ತಿಳಿಸುವ ಪುಟವೂ ಪುಟವೇ ಆಗಿರುತ್ತದೆ. ಸದರಿ ಪುಟವನ್ನು ಸಾರ್ವಜನಿಕರು ಗೌರವದಿಂದ ಓದತಕ್ಕದ್ದು.’ ಉಳಿದ ಇಪ್ಪತ್ತನಾಲ್ಕು ಕೊಂಡಿಗಳು ಬೇರೆ ಬೇರೆ ಪುಟಗಳನ್ನು ತೆರೆಯುತ್ತ ಏಕರೂಪತೆಗೆ ಭಂಗ ತರುತ್ತಿದ್ದವು. ಅವುಗಳನ್ನೂ ಸರಿಪಡಿಸಿ ಆ ಪುಟಕ್ಕೇ ಜೋಡಿಸಲಾಯಿತು. ಇದಕ್ಕಾಗಿ ಲಿಫ್ಟಿನಿಂದ ಮೇಷ್ಟ್ರನ್ನು ಅರ್ಧ ದಿನ ಎರವಲು ಪಡೆದೆವು. ಅವರು ಈ ಸಲ ಒಂದೂ ಮಾತಾಡದೆ ಕೆಲಸ ಮುಗಿಸಿ ಹೋದರು. ಅಧ್ಯಕ್ಷರಿಗೆ ಅವರ ಸುಧಾರಣೆ ಕಂಡು ಸಂತೋಷವಾಯಿತು.

ಆಮೇಲೆ ಬಂದದ್ದು ಯಾರೂ ಕನಸು ಮನಸಿನಲ್ಲಿ ಎಣಿಸದ ಸುದ್ದಿ. ಎಲ್ಲ ಇಲಾಖೆಗಳ ಜಾಲತಾಣಗಳಲ್ಲಿ ಅತಿ ಹೆಚ್ಚು ಜನ ಭೇಟಿ ಕೊಟ್ಟ ಪುಟ ನಮ್ಮದೇ, ಅದೇ ಪುಟ. ಸರಳ ಭಾಷೆ, ತ್ವರಿತ ಸೇವೆ, ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಸಮಾನ ಉತ್ತರ ಎಂದು ಆಯ್ಕೆ ಮಂಡಳಿ ಹೊಗಳಿ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಫಲಕವನ್ನು ಪಡಸಾಲೆಯಲ್ಲಿ, ನನ್ನ ಕಿಟಕಿಯ ಎದುರಿನ ಗೋಡೆಗೆ ತೂಗುಹಾಕುವುದೆಂದು ತೀರ್ಮಾನವಾಯಿತು. ದಿನ, ಮಂಗಳವಾರ.

ಅಂದೇ ದರ್ಜಿ ಹೆಂಗಸು ಬಂದಳು. ಕಚೇರಿ ತುಂಬ ಅತಿಥಿಗಳು, ಕ್ಯಾಮೆರಾದವರು. ಅವರ ನಡುವೆ ಜಾಗ ಮಾಡಿಕೊಂಡು ಕಿಟಕಿಗೆ ಬಂದು ಮಗಳನ್ನು ಕಟ್ಟೆಯ ಮೇಲೆ ಕೂರಿಸಿದಳು. ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು.

“ನಾಳೆ ಇವಳಿಗೆ ಆರು ತುಂಬುತ್ತೆ ಸಾರ್. ಇವತ್ತೇ ಕೊನೆ ದಿನ.”

ನಾನು ತಿರುಗಿ ಕಾಗದದ ಕಟ್ಟಿನ ಕಡೆ ನೋಡಿದೆ. ಸುಳ್ಳೇಕೆ ಹೇಳಲಿ, ನನಗೂ ಮಕ್ಕಳಿದ್ದಾರೆ. ಲೋಟ ಎತ್ತಿದೆ. ಕಟ್ಟಿನ ದಾರಕ್ಕೆ ಕೈಯನ್ನೂ ಹಾಕಿದೆ. ಅಷ್ಟರಲ್ಲಿ ದೊಡ್ಡ ಸಾಹೇಬರು ಅತಿಥಿಗಳನ್ನು ಕರೆದುಕೊಂಡು ಕಿಟಕಿಯ ಹತ್ತಿರವೇ ಬಂದರು. ಲೋಟವನ್ನು ಇದ್ದಲ್ಲೇ ಇಟ್ಟು ಗಾಜಿನ ಕಡೆ ತಿರುಗಿದೆ. ಎಂದಿನಂತೆ ಹೇಳಲು ಬಾಯಿ ತೆರೆದೆ.

ನನಗಿಂತ ಮೊದಲು ಮಗು ಹೇಳಿತು.

“ಪು-ಟ ಸಿ-ಗ-ಲಿ-ಲ್ಲ.”

ಅಂಗೈ ಗಾಜಿನ ಮೇಲೆ. ಸ್ವರದಲ್ಲಿ ಏರಿಲ್ಲ, ಇಳಿವಿಲ್ಲ. ಆದರೆ ಬಿಡಿಸಿ ಬಿಡಿಸಿ, ಕೊನೆಯಲ್ಲಿ ನಾನು ಗದ್ದ ಎತ್ತುವ ಹಾಗೆಯೇ ಗದ್ದ ಎತ್ತಿ ಹೇಳಿತು. ಕ್ಯಾಮೆರಾದವರು ಇತ್ತ ತಿರುಗಿದರು.

“ಈ ಮಗುಗೆ ಮಾತು ಬರಲ್ಲ ಅಂತ ಹೇಳಿದ್ದು ಯಾರು?” ಎಂದು ಸಾಹೇಬರು ಕೇಳಿದರು.

“ಇವರ ತುಟಿ ನೋಡಿ ನೋಡಿ ಕಲ್ತಿದ್ದು ಸಾರ್,” ಎಂದಳು ತಾಯಿ. “ಇದೊಂದೇ ಅವಳಿಗೆ ಬರೋದು. ಅಮ್ಮ ಅಂತ ಕೂಡ ಬರಲ್ಲ.”

“ಒಂದು ಬಂದ ಮೇಲೆ ಉಳಿದದ್ದು ತಾನೇ ಬರುತ್ತೆ. ಬರದಿದ್ರೂ ಚಿಂತೆ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ,” ಎಂದರು ಸಾಹೇಬರು. ಅತಿಥಿಗಳು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟುವುದನ್ನು ಕಂಡು ಮಗುವೂ ತಟ್ಟಿತು.

ಸಂಜೆಯೊಳಗೆ ಕಡತ ಮುಗಿಯಿತು. ಷರಾ ಬರೆದವನು ನಾನೇ. ‘ಮಗುವು ಇಲಾಖೆಯ ಜಾಲತಾಣದ ನೆರವಿನಿಂದ ಮಾತು ಕಲಿತಿರುವುದರಿಂದ ಶ್ರವಣ ಯಂತ್ರದ ಅಗತ್ಯ ಕಂಡುಬರುವುದಿಲ್ಲ.’ ಮಗುವಿನ ದನಿಯನ್ನು ಮುದ್ರಿಸಿಕೊಂಡು ಆ ಪುಟಕ್ಕೆ ಸೇರಿಸಿದ್ದೇವೆ. ಈಗ ನೀವು ಯಾವ ಕೊಂಡಿ ಒತ್ತಿದರೂ ಮೊದಲು ಅದು ಕೇಳಿಸುತ್ತದೆ. ಜನಕ್ಕೆ ಬಹಳ ಹಿಡಿಸಿದೆ. ಮೊದಲು ಕಿಟಕಿಗೆ ಬಂದು ಜಗಳ ಆಡುತ್ತಿದ್ದವರು ಈಗ, ಮಗು ಎಷ್ಟು ಮುದ್ದಾಗಿ ಹೇಳುತ್ತೆ ಎಂದು ನಕ್ಕು ಮನೆಗೆ ಹೋಗುತ್ತಾರೆ. ಉತ್ತಮ ಭಾಷಾ ಬೋಧಕನೆಂದು ನನಗೂ ಒಂದು ಪ್ರಮಾಣಪತ್ರ ಸಿಕ್ಕಿತು. ಕಾಗದದ ಕಟ್ಟುಗಳ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದೇನೆ.

ನಿಯಮದಂತೆ ಪ್ರಕರಣ ಮುಗಿದ ಮೂರು ತಿಂಗಳಿಗೆ ಅರ್ಜಿದಾರರ ಅಭಿಪ್ರಾಯ ಪಡೆಯಬೇಕು. ಆಕೆಯನ್ನು ಕರೆಸಿದೆ. ಮಗಳನ್ನು ಕರೆತಂದಿರಲಿಲ್ಲ.

“ಮಗು ಹೇಗಿದೆ?”

“ಇದ್ದಾಳೆ ಸಾರ್. ಹಸಿವಾದ್ರೂ ಪುಟ ಸಿಗಲಿಲ್ಲ ಅಂತಾಳೆ, ನಿದ್ದೆ ಬಂದ್ರೂ ಅದೇ ಅಂತಾಳೆ.”

“ನಿಮ್ಮನ್ನ ಕರೀಬೇಕಾದ್ರೆ?”

“ಅದೇ. ನಾನು ಓ ಅಂತೀನಿ.”

ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದೆ. ಅವಳು ನನ್ನ ಹಿಂದಿನ ಕಟ್ಟುಗಳನ್ನು ನೋಡಿದಳು, ಇಲ್ಲವೆಂದು ತಲೆಯಾಡಿಸಿದಳು. ದೂರು ಇರುವುದಿಲ್ಲ ಎಂದು ಬರೆದುಕೊಂಡೆ. ಸಹಿ ಹಾಕಿ ಹೋದಳು.